ಅಡವಿಟ್ಟ ಹೊಲವನ್ನು ಬಿಡಿಸಿಕೊಂಡ ತಂಡ: ಬ್ರೂಕ್ಲಿನ್ ನೆಟ್ಸ್ ಮಾಡಿದ ವಿನಿಮಯಗಳ ಲೆಕ್ಕ

2024ರ ಜೂನ್ 25ರ ರಾತ್ರಿ ನ್ಯೂಯಾರ್ಕಿನಲ್ಲಿ ಹೊರಬಿದ್ದ ಸುದ್ದಿ ನಮಗೆ ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ಸಿಕ್ಕಿತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಬ್ರೂಕ್ಲಿನ್ ನೆಟ್ಸ್ ತನ್ನ ಮುಖ್ಯ ಆಟಗಾರ ಮಿಕಾಲ್ ಬ್ರಿಡ್ಜಸ್ ಅವರನ್ನು ಅದೇ ಊರಿನ ಎದುರಾಳಿ ನ್ಯೂಯಾರ್ಕ್ ನಿಕ್ಸ್‌ಗೆ ಕೊಡಲು ಒಪ್ಪಿತ್ತು. 1983ರ ಬಳಿಕ ಈ ಎರಡು ತಂಡಗಳ ನಡುವೆ ನಡೆದ ಮೊದಲ ವಿನಿಮಯ ಅದು. ಬದಲಿಗೆ ಬಂದದ್ದು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನ ಐದು ಆಯ್ಕೆಗಳು, ಒಂದು ಅದಲುಬದಲಿನ ಹಕ್ಕು ಮತ್ತು ಸಂಬಳದ ಲೆಕ್ಕ ಹೊಂದಿಸಲು ಬೇಕಾದ ಕೆಲವು ಆಟಗಾರರು. ಅದರ ಬೆನ್ನಿಗೇ ಹ್ಯೂಸ್ಟನ್ ರಾಕೆಟ್ಸ್ ಜೊತೆಗಿನ ಇನ್ನೊಂದು ಒಪ್ಪಂದದ ಸುದ್ದಿಯೂ ಬಂತು. ಅದರಲ್ಲಿ ಒಬ್ಬ ಆಟಗಾರನೂ ಅಂಗಿ ಬದಲಿಸಲಿಲ್ಲ. ಮುಂದಿನ ವರ್ಷಗಳ ಹಕ್ಕುಗಳು ಮಾತ್ರ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹೋದವು.

ಜನ ಮಾತಾಡಿದ್ದು ಮೊದಲನೆಯದರ ಬಗ್ಗೆ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು. ಅದನ್ನು ಬಿಟ್ಟು ಬ್ರಿಡ್ಜಸ್ ವಿನಿಮಯವನ್ನು ತೂಗಲು ಹೋದರೆ ತಕ್ಕಡಿಯ ಒಂದು ತಟ್ಟೆಯನ್ನಷ್ಟೇ ನೋಡಿದಂತಾಗುತ್ತದೆ.

ಐಪಿಎಲ್ ನೋಡಿ ಬೆಳೆದವರಿಗೆ ಈ ಏರ್ಪಾಡು ಹೊಸದು. ಐಪಿಎಲ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಮೊತ್ತದ ಥೈಲಿ, ಕೆಲವು ವರ್ಷಗಳಿಗೊಮ್ಮೆ ಮಹಾ ಹರಾಜು. ಕೊನೆಯ ಸ್ಥಾನದಲ್ಲಿದ್ದ ತಂಡವೂ ಒಂದೇ ಹರಾಜಿನಲ್ಲಿ ಮುಖ ಬದಲಿಸಿಕೊಳ್ಳಬಹುದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಹರಾಜಿಲ್ಲ. ಕಾಲೇಜುಗಳಿಂದಲೂ ಹೊರದೇಶಗಳಿಂದಲೂ ಬರುವ ಹೊಸ ಹುಡುಗರನ್ನು ಪ್ರತಿ ಜೂನ್‌ನಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತಾರೆ. ಹೆಚ್ಚು ಸೋತವರಿಗೆ ಸರದಿ ಬೇಗ ಬರುತ್ತದೆ. ಈ ಸರದಿಯನ್ನು ಮುಂಚಿತವಾಗಿಯೇ, ಏಳು ವರ್ಷಗಳಷ್ಟು ಮುಂದಿನದನ್ನೂ, ಬೇರೆ ತಂಡಕ್ಕೆ ಬರೆದುಕೊಡಬಹುದು. ಇಂದು ಹನ್ನೆರಡು ವರ್ಷದ ಹುಡುಗನೊಬ್ಬ ಎಲ್ಲೋ ಚೆಂಡು ಪುಟಿಸುತ್ತಿದ್ದರೆ, ಅವನನ್ನು ಆರಿಸುವ ಹಕ್ಕು ಈಗಲೇ ಯಾರದೋ ಕೈಯಿಂದ ಇನ್ಯಾರದೋ ಕೈಗೆ ಹೋಗಿರಬಹುದು.

ಇದಕ್ಕೆ ಒಂದು ಕಡಿವಾಣವೂ ಇದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಒಂದಾದ ಮೇಲೊಂದು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನು ಮಾರಿ ತಂಡವನ್ನು ಬರಿದು ಮಾಡಿದರು. ಆ ಬಳಿಕ, ಮುಂಬರುವ ಸತತ ಎರಡು ವರ್ಷ ಮೊದಲ ಸುತ್ತಿನ ಆಯ್ಕೆಯೇ ಇಲ್ಲದಂತೆ ಯಾರೂ ವ್ಯವಹಾರ ಮಾಡಬಾರದೆಂಬ ನಿಯಮ ಬಂತು. ಇಂದಿಗೂ ಅದಕ್ಕೆ ಅವರದೇ ಹೆಸರು. ನಿಯಮ ಬಂದಲ್ಲಿ ಸಂದೂ ಹುಟ್ಟುತ್ತದೆ: ಒಂದು ವರ್ಷದ ಆಯ್ಕೆಯನ್ನು ಪೂರ್ತಿ ಕೊಡುವುದು, ಮರುವರ್ಷ ಅದಲುಬದಲಿನ ಹಕ್ಕನ್ನು ಕೊಡುವುದು. ನನ್ನ ಸರದಿ ನಿನ್ನದಕ್ಕಿಂತ ಮುಂದಿದ್ದರೆ ಅದನ್ನು ನೀನು ತೆಗೆದುಕೋ, ನಿನ್ನ ಹಿಂದಿನ ಸರದಿಯನ್ನು ನನಗೆ ಕೊಡು, ಎಂದು. ಕಾಗದದ ಮೇಲೆ ಆಯ್ಕೆ ಉಳಿದಿದೆ, ಫಲ ಮಾತ್ರ ಇನ್ನೊಬ್ಬರದು.

ಈ ಸಂದಿನಲ್ಲಿ ಬ್ರೂಕ್ಲಿನ್‌ನಷ್ಟು ಆಳವಾಗಿ ಬಿದ್ದ ತಂಡ ಇನ್ನೊಂದಿಲ್ಲ. 2013ರ ಬೇಸಿಗೆಯಲ್ಲಿ ನೆಟ್ಸ್ ಬಾಸ್ಟನ್ ಸೆಲ್ಟಿಕ್ಸ್‌ನಿಂದ ಕೆವಿನ್ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್ ಅವರನ್ನು ತಂದಿತು. ಗಾರ್ನೆಟ್‌ಗೆ ಆಗ 37 ವರ್ಷ, ಪಿಯರ್ಸ್‌ಗೆ 35. ಕೊಟ್ಟದ್ದು 2014, 2016, 2018ರ ಮೊದಲ ಸುತ್ತಿನ ಆಯ್ಕೆಗಳು, 2017ರ ಅದಲುಬದಲಿನ ಹಕ್ಕು. ಆ ತಂಡ ಪ್ಲೇಆಫ್‌ನಲ್ಲಿ ಗೆದ್ದದ್ದು ಒಂದೇ ಒಂದು ಸರಣಿ. ಆಮೇಲೆ ಹಿರಿಯರು ಹೋದರು, ಸೋಲು ಬಂತು: 2015-16ರಲ್ಲಿ 82 ಪಂದ್ಯಗಳಲ್ಲಿ 21 ಗೆಲುವು, ಮರುವರ್ಷ 20. ಅಷ್ಟು ಸೋತ ತಂಡಕ್ಕೆ ಸಿಗಬೇಕಾಗಿದ್ದ ಪರಿಹಾರವೆಲ್ಲ ಬಾಸ್ಟನ್ನಿಗೆ ಹೋಯಿತು. 2016ರ ಮೂರನೆಯ ಆಯ್ಕೆ ಜೇಲೆನ್ ಬ್ರೌನ್ ಆಯಿತು. 2017ರ ಮೊದಲ ಆಯ್ಕೆಯನ್ನು ಬಾಸ್ಟನ್ ಫಿಲಡೆಲ್ಫಿಯಾ ಜೊತೆ ಬದಲಿಸಿಕೊಂಡು ಮೂರನೆಯ ಸರದಿಯಲ್ಲಿ ಜೇಸನ್ ಟೇಟಮ್ ಅವರನ್ನು ಆರಿಸಿತು. 2024ರಲ್ಲಿ ಸೆಲ್ಟಿಕ್ಸ್ ಪ್ರಶಸ್ತಿ ಗೆದ್ದಾಗ ಆ ತಂಡದ ಎರಡು ಕಂಬಗಳು ಇವರೇ.

ರೈತರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ ನಮ್ಮದೇ, ಉಳುವವರೂ ನಾವೇ, ಪಹಣಿ ಮಾತ್ರ ಸಾಹುಕಾರನ ಪೆಟ್ಟಿಗೆಯಲ್ಲಿದೆ. ಅಂಥ ಹೊಲದಲ್ಲಿ ಬರ ಬಂದರೂ ನಷ್ಟ ನಮಗೆ, ಮಳೆ ಬಂದರೂ ಬೆಳೆ ಅವನಿಗೆ.

ಒಮ್ಮೆ ಪಟ್ಟ ಪಾಡು ಸಾಲದೆಂಬಂತೆ ನೆಟ್ಸ್ ಮತ್ತೆ ಅದನ್ನೇ ಮಾಡಿತು. 2019ರಲ್ಲಿ ಕೆವಿನ್ ಡ್ಯುರಾಂಟ್, ಕೈರಿ ಇರ್ವಿಂಗ್ ಬಂದರು. 2021ರ ಜನವರಿಯಲ್ಲಿ ಅವರ ಜೊತೆಗೆ ಜೇಮ್ಸ್ ಹಾರ್ಡನ್ ಬೇಕೆನಿಸಿತು. ಹ್ಯೂಸ್ಟನ್‌ಗೆ 2022, 2024, 2026ರ ಆಯ್ಕೆಗಳನ್ನು, 2021, 2023, 2025, 2027ರ ಅದಲುಬದಲಿನ ಹಕ್ಕುಗಳನ್ನು ಬರೆದುಕೊಟ್ಟಿತು. ಏಳು ವರ್ಷದ ಬೆಳೆ. ಆ ಮೂವರೂ ಒಟ್ಟಿಗೆ ಆಡಿದ್ದು ಪ್ಲೇಆಫ್ ಸೇರಿ 16 ಪಂದ್ಯ. 2022ರ ಫೆಬ್ರುವರಿಯಲ್ಲಿ ಹಾರ್ಡನ್, 2023ರ ಫೆಬ್ರುವರಿಯಲ್ಲಿ ಇರ್ವಿಂಗ್, ಅದೇ ವಾರ ಡ್ಯುರಾಂಟ್. ಡ್ಯುರಾಂಟ್ ಅವರನ್ನು ಫೀನಿಕ್ಸ್‌ಗೆ ಕಳಿಸಿದಾಗ ಬಂದವರಲ್ಲಿ ಒಬ್ಬರು ಬ್ರಿಡ್ಜಸ್, ಇನ್ನೊಬ್ಬರು ಕ್ಯಾಮ್ ಜಾನ್ಸನ್. ಜೊತೆಗೆ ಫೀನಿಕ್ಸ್‌ನ ನಾಲ್ಕು ಮೊದಲ ಸುತ್ತಿನ ಆಯ್ಕೆಗಳು.

ಈಗ 2024ರ ಜೂನ್‌ಗೆ ಮರಳೋಣ. ಆಗ ತಾನೇ ಮುಗಿದ ಋತುವಿನಲ್ಲಿ ಬ್ರಿಡ್ಜಸ್ ಮುಂದಾಳತ್ವದ ನೆಟ್ಸ್ 32 ಗೆದ್ದು 50 ಸೋತಿತ್ತು. ಆ ಸೋಲಿನಿಂದ ಸಿಕ್ಕ ಮೂರನೆಯ ಆಯ್ಕೆ ಹ್ಯೂಸ್ಟನ್ ಪಾಲಾಯಿತು. ಅವರು ರೀಡ್ ಶೆಪರ್ಡ್ ಅವರನ್ನು ಆರಿಸಿಕೊಂಡರು. ತಂಡ ಗೆಲ್ಲಲು ಸಾಲದು, ಸೋಲಿನಿಂದ ಲಾಭವೂ ಇಲ್ಲ. ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕಿಂತ ಕೆಟ್ಟ ಜಾಗ ನನಗೆ ಗೊತ್ತಿಲ್ಲ.

ಬ್ರಿಡ್ಜಸ್ ಒಳ್ಳೆಯ ಆಟಗಾರ. ವೃತ್ತಿಜೀವನದಲ್ಲಿ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳದ ಗಟ್ಟಿ ಮನುಷ್ಯ, ಎದುರಾಳಿಯ ಮುಖ್ಯ ಆಟಗಾರನ ಬೆನ್ನು ಬಿಡದ ರಕ್ಷಣೆ, ವರ್ಷಕ್ಕೆ ಸುಮಾರು 2.3 ಕೋಟಿ ಡಾಲರ್‌ನ, ಅವರ ಮಟ್ಟಕ್ಕೆ ಅಗ್ಗವೆನಿಸುವ ಒಪ್ಪಂದ. 2021ರಲ್ಲಿ ಫೈನಲ್ ತಲುಪಿದ ಫೀನಿಕ್ಸ್‌ನಲ್ಲಿ ಮೂರನೆಯವರೋ ನಾಲ್ಕನೆಯವರೋ ಆಗಿ ಆಡಿದಾಗ ಅವರ ಬೆಲೆ ಎಲ್ಲರಿಗೂ ಕಂಡಿತ್ತು. ಬ್ರೂಕ್ಲಿನ್‌ನಲ್ಲಿ ಅವರನ್ನು ಮೊದಲನೆಯವರನ್ನಾಗಿ ಮಾಡಲಾಯಿತು. ಆ ಹೊರೆ ಅವರ ಹೆಗಲಿಗೆ ಹೇಳಿಸಿದ್ದಲ್ಲ. ಆಗ ಅವರಿಗೆ 27 ವರ್ಷ. ನೆಟ್ಸ್ ಮತ್ತೆ ಗಟ್ಟಿ ತಂಡವಾಗಲು ನಾಲ್ಕು ವರ್ಷ ಹಿಡಿದರೂ ಅವರಿಗೆ 31 ಆಗಿರುತ್ತಿತ್ತು. ಮರಳಿ ಕಟ್ಟುವ ತಂಡ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ನಾವು ಗೆಲ್ಲುವ ಕಾಲಕ್ಕೆ ಈತನ ಕಾಲು ಇಷ್ಟೇ ಚುರುಕಾಗಿರುತ್ತದೆಯೇ? ಉತ್ತರ ಇಲ್ಲ ಎಂದಾದರೆ, ಬೇರೆಯವರು ಅವನಿಗೆ ಅತಿ ಹೆಚ್ಚು ಬೆಲೆ ಕಟ್ಟುವ ದಿನವೇ ಕೊಡುವ ದಿನ.

ನಿಕ್ಸ್ ಕಟ್ಟಿದ ಬೆಲೆ ನಿಜಕ್ಕೂ ದೊಡ್ಡದು. 2025, 2027, 2029, 2031ರ ತನ್ನ ನಾಲ್ಕು ಆಯ್ಕೆಗಳು ಯಾವ ಷರತ್ತೂ ಇಲ್ಲದೆ, ಮಿಲ್ವಾಕಿ ಬಕ್ಸ್‌ನಿಂದ ತನಗೆ ಬರಬೇಕಿದ್ದ 2025ರ ಒಂದು ಷರತ್ತಿನ ಆಯ್ಕೆ, 2028ರ ಅದಲುಬದಲು. ಋತುವಿನ ಶ್ರೇಷ್ಠರನ್ನು ಆರಿಸುವ ಆಲ್‌ಸ್ಟಾರ್ ಪಂದ್ಯಕ್ಕೆ ಒಮ್ಮೆಯೂ ಆಯ್ಕೆಯಾಗದ ಆಟಗಾರನಿಗೆ ಇಷ್ಟು ಕೊಟ್ಟದ್ದು ಅಪರೂಪ.

ಆದರೆ ಎಣಿಕೆ ಬೇರೆ, ತೂಕ ಬೇರೆ. ಆಯ್ಕೆಯ ಬೆಲೆ ಅದನ್ನು ಕೊಟ್ಟ ತಂಡ ಆ ವರ್ಷ ಎಷ್ಟು ಸೋಲುತ್ತದೆ ಎಂಬುದರ ಮೇಲೆ ನಿಂತಿದೆ. ಬ್ರಿಡ್ಜಸ್ ಸೇರಿದ ನಿಕ್ಸ್ 2024-25ರಲ್ಲಿ 51 ಪಂದ್ಯ ಗೆದ್ದು ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ ತಲುಪಿತು. ಆದ್ದರಿಂದ ನೆಟ್ಸ್‌ಗೆ ಬಂದ ಅವರ ಆಯ್ಕೆ 26ನೆಯದು. ಮಿಲ್ವಾಕಿಯದು 19ನೆಯದು. ಅಂದರೆ ಐದರಲ್ಲಿ ಎರಡು ಈಗಾಗಲೇ ಸಾಧಾರಣ ಸರದಿಗಳಾಗಿ ಖರ್ಚಾಗಿವೆ. ಆ ಜಾಗಗಳಲ್ಲಿ ರತ್ನ ಸಿಗುವುದೇ ಇಲ್ಲವೆಂದಲ್ಲ. ಜಿಮ್ಮಿ ಬಟ್ಲರ್ 30ನೆಯವರಾಗಿ ಬಂದವರು, ನಿಕೋಲಾ ಯೋಕಿಚ್ 41ನೆಯವರಾಗಿ. ಅವರ ಹೆಸರು ಪದೇ ಪದೇ ಕೇಳಿಬರುವುದೇ ಅವರಂಥವರು ಅಪರೂಪ ಎಂಬ ಕಾರಣಕ್ಕೆ.

ಉಳಿದ ಮೂರು ಆಯ್ಕೆಗಳ ಕಥೆ ಬೇರೆ. 2031ರ ಡ್ರಾಫ್ಟ್ ಹೊತ್ತಿಗೆ ನಿಕ್ಸ್‌ನ ಮುಖ್ಯ ಆಟಗಾರ ಜೇಲೆನ್ ಬ್ರನ್ಸನ್‌ಗೆ 34 ತುಂಬಿರುತ್ತದೆ, ಅವರ ಜೊತೆಗಾರ ಕಾರ್ಲ್-ಆಂಥನಿ ಟೌನ್ಸ್‌ಗೆ 35. ಇಂದಿನ ಗಟ್ಟಿ ತಂಡದ ದೂರದ ವರ್ಷಗಳ ಆಯ್ಕೆಯೇ ಸಾಮಾನ್ಯವಾಗಿ ಬೆಲೆಯುಳ್ಳದ್ದು, ಏಕೆಂದರೆ ಗಟ್ಟಿತನಕ್ಕೆ ವಯಸ್ಸಾಗುತ್ತದೆ. ಬ್ರೂಕ್ಲಿನ್‌ನವರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. 2013ರಲ್ಲಿ ಅವರೇ ಬಾಸ್ಟನ್ನಿಗೆ ಕಲಿಸಿಕೊಟ್ಟ ಪಾಠ ಅದು.

ಇನ್ನು ಹ್ಯೂಸ್ಟನ್ ಒಪ್ಪಂದ. ನೆಟ್ಸ್ ಅದರಲ್ಲಿ ವಾಪಸು ಪಡೆದದ್ದು ತನ್ನದೇ 2025ರ ಆಯ್ಕೆಯ ಮೇಲಿದ್ದ ಅದಲುಬದಲಿನ ಹಕ್ಕನ್ನು ಮತ್ತು ತನ್ನದೇ 2026ರ ಆಯ್ಕೆಯನ್ನು. ಬಿಡಿಸಿಕೊಳ್ಳಲು ತೆತ್ತದ್ದು ಡ್ಯುರಾಂಟ್ ಅವರಿಂದ ಬಂದಿದ್ದ ಫೀನಿಕ್ಸ್ ಗಂಟಿನ ದೊಡ್ಡ ಪಾಲು: 2025ರ ಆಯ್ಕೆಯ ಮೇಲೆ ಅದಲುಬದಲಿನ ಹಕ್ಕು, 2027ರ ಆಯ್ಕೆ, 2029ರ ಆಯ್ಕೆಗಳಲ್ಲಿ ಒಳ್ಳೆಯ ಪಾಲು. ಮೇಲ್ನೋಟಕ್ಕೆ ಇದು ನಷ್ಟದ ವ್ಯಾಪಾರ. ಫೀನಿಕ್ಸ್ ವಯಸ್ಸಾಗುತ್ತಿದ್ದ ತಂಡ, ಅದರ ಆಯ್ಕೆಗಳು ಬೆಳೆಯುವ ಬಂಡವಾಳ.

2025ರ ಲೆಕ್ಕವನ್ನೇ ಬಿಡಿಸಿ ನೋಡಿದರೆ ಇನ್ನೂ ಕಸಿವಿಸಿಯಾಗುತ್ತದೆ. ಆ ವರ್ಷ ನೆಟ್ಸ್‌ನ ಸ್ವಂತ ಆಯ್ಕೆ 8ನೆಯದಾಯಿತು, ಹ್ಯೂಸ್ಟನ್‌ನದು 27, ಫೀನಿಕ್ಸ್‌ನದು 10. ಒಪ್ಪಂದ ಆಗದೇ ಇದ್ದು, ಗೆಲುವು ಸೋಲುಗಳೆಲ್ಲ ಹೀಗೇ ಇದ್ದಿದ್ದರೆ ಹ್ಯೂಸ್ಟನ್ 8ನ್ನು ಕಸಿದುಕೊಂಡು 27ನ್ನು ಕೊಡುತ್ತಿತ್ತು. ಫೀನಿಕ್ಸ್‌ನ 10 ನೆಟ್ಸ್ ಬಳಿಯೇ ಉಳಿಯುತ್ತಿತ್ತು. ಒಪ್ಪಂದ ಆದದ್ದರಿಂದ ನೆಟ್ಸ್‌ಗೆ 8 ಮತ್ತು 27, ಹ್ಯೂಸ್ಟನ್‌ಗೆ 10. ಅಷ್ಟೆಲ್ಲ ತೆತ್ತು ಮೊದಲ ವರ್ಷ ಗಳಿಸಿದ್ದು ಎರಡು ಮೆಟ್ಟಿಲು.

ಹಾಗಾದರೆ ಇದನ್ನು ದೊಡ್ಡದೆಂದು ನಾನು ಏಕೆ ಹೇಳುತ್ತೇನೆ? ನೆಟ್ಸ್ ಕೊಂಡದ್ದು 8ನೆಯ ಸರದಿಯನ್ನಲ್ಲ, ಎರಡು ವರ್ಷಗಳ ಸ್ವಾತಂತ್ರ್ಯವನ್ನು. ಬ್ರಿಡ್ಜಸ್ ಅವರನ್ನು ಬಿಟ್ಟುಕೊಡುವುದು ಸಾಧ್ಯವಾದದ್ದೇ ಅದರಿಂದ. ಸ್ವಂತ ಆಯ್ಕೆಗಳು ಹ್ಯೂಸ್ಟನ್‌ನಲ್ಲಿ ಅಡವಿದ್ದಾಗ ಬ್ರಿಡ್ಜಸ್ ಅವರನ್ನು ಕೊಟ್ಟಿದ್ದರೆ, ತಂಡ ಕುಸಿದಷ್ಟೂ ಹ್ಯೂಸ್ಟನ್ ಉಬ್ಬುತ್ತಿತ್ತು. ಅಡವು ಬಿಡಿಸಿಕೊಂಡ ಮೇಲೆ ಕುಸಿತಕ್ಕೊಂದು ಅರ್ಥ ಬಂತು. ಎರಡೂ ಒಪ್ಪಂದಗಳು ಒಂದೇ ಗಳಿಗೆಯಲ್ಲಿ ನಡೆದದ್ದು ಆಕಸ್ಮಿಕವಲ್ಲ. ಒಂದಿಲ್ಲದೆ ಇನ್ನೊಂದು ಮೂರ್ಖತನವಾಗುತ್ತಿತ್ತು. 2016ರಿಂದ ನೆಟ್ಸ್ ವ್ಯವಸ್ಥಾಪಕರಾಗಿರುವ ಶಾನ್ ಮಾರ್ಕ್ಸ್ ಬಗ್ಗೆ ನನಗೆ ಹಲವು ತಕರಾರುಗಳಿವೆ. ಆ ರಾತ್ರಿಯ ಕೆಲಸದ ಬಗ್ಗೆ ಒಂದೂ ಇಲ್ಲ.

ತಕರಾರು ಶುರುವಾಗುವುದು ಆಮೇಲೆ. ಬಿಡಿಸಿಕೊಂಡ ಹೊಲವನ್ನು ಹೇಗೆ ಉತ್ತರು?

2024-25ರ ಋತುವಿಗೆ ಹೊಸ ತರಬೇತುದಾರ ಜೋರ್ಡಿ ಫರ್ನಾಂಡಿಸ್ ಬಂದರು. ಕೈಗೆ ಸಿಕ್ಕ ಆಟಗಾರರಿಂದ ಅವರು ಜೀವತುಂಬಿದ ಆಟ ಆಡಿಸಿದರು. ನವೆಂಬರ್ ಕೊನೆಯ ಹೊತ್ತಿಗೆ ಗೆಲುವು ಸೋಲು ಹೆಚ್ಚುಕಡಿಮೆ ಸಮವಾಗಿದ್ದವು. ಅಂದು ಬೆಳಗಿನ ಜಾವ ಆರಕ್ಕೆ ಎದ್ದು ನೋಡುತ್ತಿದ್ದ ನನಗೆ ಆ ಗೆಲುವುಗಳು ಸಂತೋಷ ಕೊಟ್ಟವು, ಜೊತೆಗೇ ಒಂದು ಅಳುಕನ್ನೂ. ಡಿಸೆಂಬರ್‌ನಲ್ಲಿ ಮಾರ್ಕ್ಸ್ ಡೆನಿಸ್ ಶ್ರೋಡರ್ ಅವರನ್ನು ಗೋಲ್ಡನ್ ಸ್ಟೇಟ್‌ಗೆ, ಡೋರಿಯನ್ ಫಿನ್ನಿ-ಸ್ಮಿತ್ ಅವರನ್ನು ಲೇಕರ್ಸ್‌ಗೆ ಕಳಿಸಿದರು. ಬಂದದ್ದು ಎರಡನೆಯ ಸುತ್ತಿನ ಆಯ್ಕೆಗಳು. ಇವೇ ವಿನಿಮಯಗಳು ಅಕ್ಟೋಬರ್‌ಗೆ ಮುಂಚೆ ಆಗಿದ್ದರೆ ಬೆಲೆ ಇನ್ನೂ ಕಡಿಮೆ ಸಿಗುತ್ತಿತ್ತು, ಆದರೆ ಗೆಲುವುಗಳೂ ಕಡಿಮೆಯಾಗುತ್ತಿದ್ದವು. ಎರಡು ವರ್ಷದ ಅವಕಾಶದಲ್ಲಿ ಎರಡು ತಿಂಗಳು ಚಿಕ್ಕದಲ್ಲ. ಕೊನೆಗೆ 26 ಗೆಲುವು, 56 ಸೋಲು. ಐದು ತಂಡಗಳು ಇವರಿಗಿಂತ ಹೆಚ್ಚು ಸೋತಿದ್ದವು.

ಪ್ಲೇಆಫ್ ತಪ್ಪಿಸಿಕೊಂಡ 14 ತಂಡಗಳ ನಡುವೆ ಚೀಟಿ ಎತ್ತಿ ಮೊದಲ ನಾಲ್ಕು ಸರದಿಗಳನ್ನು ನಿರ್ಧರಿಸುತ್ತಾರೆ. 2019ರಿಂದ ಬೇಕೆಂದೇ ಸೋಲುವುದನ್ನು ತಡೆಯಲೆಂದು ಚೀಟಿಗಳ ಹಂಚಿಕೆಯನ್ನು ಬದಲಿಸಲಾಗಿದೆ. ಮೊದಲು ಅತ್ಯಂತ ಕೆಟ್ಟ ತಂಡಕ್ಕೆ ಮೊದಲ ಸರದಿಯ ಸಾಧ್ಯತೆ ಶೇ 25 ಇತ್ತು. ಆ ಬದಲಾವಣೆಯ ಬಳಿಕ ಕೆಳಗಿನ ಮೂರು ತಂಡಗಳಿಗೂ ತಲಾ ಶೇ 14. ಆರನೆಯವರಾದ ನೆಟ್ಸ್‌ಗೆ ಶೇ 9. 2025ರ ಮೇ ತಿಂಗಳ ಚೀಟಿಯಲ್ಲಿ ಗೆದ್ದದ್ದು ಶೇ 1.8 ಸಾಧ್ಯತೆಯಿದ್ದ ಡಲ್ಲಾಸ್. ಅವರಿಗೆ ಆ ವರ್ಷ ಎಲ್ಲರೂ ಬಯಸಿದ್ದ ಹೊಸಬ ಕೂಪರ್ ಫ್ಲ್ಯಾಗ್ ಸಿಕ್ಕರು. 65 ಪಂದ್ಯ ಸೋತ ಯೂಟಾ ಐದನೆಯ ಸರದಿಗೆ ಜಾರಿತು. ನೆಟ್ಸ್ ಎಂಟಕ್ಕೆ.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಚೀಟಿ ಕೈಕೊಟ್ಟಿತೆಂದು ಒಪ್ಪಂದ ಕೆಟ್ಟದಾಗುವುದಿಲ್ಲ. ಯೂಟಾದಂತೆ ಪೂರ್ತಿ ಸೋತಿದ್ದರೂ ಐದನೆಯ ಸರದಿಯೇ ಸಿಗಬಹುದಿತ್ತು. ಆದರೆ ಸೋಲಿನಿಂದ ಸಿಗುವ ಫಲ ಇಷ್ಟು ತೆಳುವಾಗಿರುವಾಗ, ಒಂದು ತಂಡ ಎರಡು ವರ್ಷ ಸೋಲುತ್ತೇನೆಂದು ಹೊರಟರೆ ಅದು ತನ್ನ ಅಭಿಮಾನಿಗಳಿಂದ ಬಹಳ ದೊಡ್ಡ ಸಾಲ ಕೇಳುತ್ತಿದೆ. ನೆಟ್ಸ್‌ನ ಅಂಗಳವಾದ ಬಾರ್ಕ್ಲೇಸ್ ಸೆಂಟರ್‌ಗೆ ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗುವ ಮನುಷ್ಯ ದುಡ್ಡು ಕೊಡುವುದು ಇಂದಿನ ಆಟಕ್ಕೆ, 2029ರ ಆಯ್ಕೆಗಲ್ಲ. ಈ ಸಾಲದ ಬಗ್ಗೆ ಲೆಕ್ಕ ಬರೆಯುವವರು ತುಂಬ ಕಡಿಮೆ ಮಾತಾಡುತ್ತಾರೆ.

2025ರ ಜೂನ್‌ನಲ್ಲಿ ನೆಟ್ಸ್ ಒಂದೇ ರಾತ್ರಿ ಮೊದಲ ಸುತ್ತಿನಲ್ಲಿ ಐವರನ್ನು ಆರಿಸಿತು. ಬೇರೆ ಯಾವ ತಂಡವೂ ಹಿಂದೆಂದೂ ಹೀಗೆ ಮಾಡಿರಲಿಲ್ಲ. ಎಂಟನೆಯ ಸರದಿಯಲ್ಲಿ ರಷ್ಯಾದ ಯೆಗೋರ್ ದ್ಯೋಮಿನ್, 19ರಲ್ಲಿ ಫ್ರಾನ್ಸಿನ ನೋಲನ್ ತ್ರಾವೊರೆ, 22ರಲ್ಲಿ ಡ್ರೇಕ್ ಪೊವೆಲ್, 26ರಲ್ಲಿ ಇಸ್ರೇಲಿನ ಬೆನ್ ಸರಾಫ್, 27ರಲ್ಲಿ ಡ್ಯಾನಿ ವುಲ್ಫ್. ನಾನು ಆ ರಾತ್ರಿ ಅಂದುಕೊಂಡದ್ದು ಇವುಗಳಲ್ಲಿ ಎರಡು ಮೂರನ್ನು ಜೋಡಿಸಿ ಒಂದು ಮೇಲಿನ ಸರದಿಯನ್ನು ಕೊಳ್ಳುತ್ತಾರೆಂದು. ಅದಾಗಲಿಲ್ಲ. ಬಂದವರಲ್ಲಿ ದ್ಯೋಮಿನ್, ತ್ರಾವೊರೆ, ಸರಾಫ್ ಮೂವರೂ ಚೆಂಡನ್ನು ಕೈಯಲ್ಲಿಟ್ಟುಕೊಂಡು ಆಟ ಕಟ್ಟುವವರು. ಎತ್ತರದ ವುಲ್ಫ್ ಕೂಡ ಚೆಂಡು ಪುಟಿಸಿಕೊಂಡು ನುಗ್ಗುವುದರಲ್ಲೇ ಹೆಸರು ಮಾಡಿದವರು. ಅಂಗಳದಲ್ಲಿರುವುದು ಒಂದೇ ಚೆಂಡು. ಒಂದು ಪಂದ್ಯಕ್ಕೆ 48 ನಿಮಿಷ, ಐದು ಜಾಗ: ಒಟ್ಟು 240 ನಿಮಿಷಗಳನ್ನು ಹಂಚಬೇಕು. ಹತ್ತೊಂಬತ್ತು ಇಪ್ಪತ್ತರ ಹುಡುಗ ಕಲಿಯುವುದು ತಪ್ಪು ಮಾಡಿಯೂ ಅಂಗಳದಲ್ಲಿ ಉಳಿಯುವುದರಿಂದ. ಒಂದೇ ಕೆಲಸ ಕಲಿಯುವ ಮೂವರನ್ನು ಒಟ್ಟಿಗೆ ತಂದಾಗ ಒಬ್ಬೊಬ್ಬರ ಪಾಲಿಗೂ ಆ ಅವಕಾಶ ಕುಗ್ಗುತ್ತದೆ. ಒತ್ತಾಗಿ ನಟ್ಟ ಸಸಿಗಳಂತೆ, ಒಂದರ ನೆರಳು ಇನ್ನೊಂದರ ಮೇಲೆ. ವಿನಿಮಯ ಎಷ್ಟೇ ಜಾಣತನದ್ದಾಗಿರಲಿ, ಅದು ತಂದ ಆಯ್ಕೆಯನ್ನು ಹೀಗೆ ಬಳಸಿದರೆ ತೂಕ ಇಳಿಯುತ್ತದೆ.

ಅದೇ ಬೇಸಿಗೆಯ ಇನ್ನೊಂದು ವಿನಿಮಯವನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ನೆಟ್ಸ್ 29 ವರ್ಷದ ಕ್ಯಾಮ್ ಜಾನ್ಸನ್ ಅವರನ್ನು ಡೆನ್ವರ್ ನಗೆಟ್ಸ್‌ಗೆ ಕೊಟ್ಟು ಮೈಕೆಲ್ ಪೋರ್ಟರ್ ಜೂನಿಯರ್ ಅವರನ್ನು ಪಡೆಯಿತು, ಜೊತೆಗೆ ಡೆನ್ವರ್‌ನ 2032ರ ಮೊದಲ ಸುತ್ತಿನ ಆಯ್ಕೆ, ಷರತ್ತಿಲ್ಲದೆ. ಪೋರ್ಟರ್ ಜಾನ್ಸನ್‌ಗಿಂತ ಎರಡು ವರ್ಷ ಚಿಕ್ಕವರು, 2023ರಲ್ಲಿ ಪ್ರಶಸ್ತಿ ಗೆದ್ದ ತಂಡದ ಮೊದಲ ಐವರಲ್ಲಿ ಒಬ್ಬರು. ಇಂಥವರ ಜೊತೆ ಆಯ್ಕೆಯನ್ನೂ ಏಕೆ ಕೊಟ್ಟರು? ಸಂಬಳದ ಕಾರಣಕ್ಕೆ. ಎರಡು ವರ್ಷಕ್ಕೆ ಅವರಿಗೆ ಸಲ್ಲಬೇಕಾದದ್ದು ಸುಮಾರು 7.9 ಕೋಟಿ ಡಾಲರ್. ಮೂರು ಬಾರಿ ಬೆನ್ನಿನ ಶಸ್ತ್ರಚಿಕಿತ್ಸೆ ಆದವರು ಎಂಬ ಅಂಜಿಕೆ ಬೇರೆ. 2023ರ ಕಾರ್ಮಿಕ ಒಪ್ಪಂದದ ಬಳಿಕ ಸಂಬಳದ ಮೇಲ್ಮಿತಿಗಳನ್ನು ದಾಟಿದ ತಂಡಗಳಿಗೆ ತೆರಿಗೆಯ ಜೊತೆ ಕೈಕಟ್ಟುವ ನಿಯಮಗಳೂ ಬಂದಿವೆ: ಅತಿ ಮೇಲಿನ ಮಿತಿಯನ್ನು ದಾಟಿದವರು ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಏಳನೆಯ ವರ್ಷದ ಆಯ್ಕೆಯನ್ನು ಮಾರುವಂತಿಲ್ಲ. ಡೆನ್ವರ್‌ಗೆ ಉಸಿರಾಡಲು ಜಾಗ ಬೇಕಿತ್ತು. ಆ ಬೇಸಿಗೆಯಲ್ಲಿ ಕೈತುಂಬ ಜಾಗವಿದ್ದ ತಂಡ ಬ್ರೂಕ್ಲಿನ್ ಮಾತ್ರ.

ಖಾಲಿ ಜಾಗವೇ ಸರಕಾಗುವುದು ಹೀಗೆ. ಅಟ್ಲಾಂಟಾದಿಂದ ಟೆರೆನ್ಸ್ ಮ್ಯಾನ್ ಅವರ ಸಂಬಳವನ್ನು ತನ್ನ ಹೆಗಲಿಗೆ ಹಾಕಿಕೊಂಡದ್ದಕ್ಕೇ 22ನೆಯ ಆಯ್ಕೆ ಬಂತು. ಪೋರ್ಟರ್ ಅವರದೂ ಅದೇ ದಾರಿ, ಇನ್ನೂ ದೊಡ್ಡ ಪ್ರಮಾಣದಲ್ಲಿ. 2032ರಲ್ಲಿ ಯೋಕಿಚ್‌ಗೆ 37 ವರ್ಷ. ಅವರಿಲ್ಲದ, ಅಥವಾ ಇದ್ದೂ ಇಲ್ಲದಂತಿರುವ ಡೆನ್ವರ್‌ನ ಆಯ್ಕೆ ಎಂಥದ್ದಿರಬಹುದೆಂದು ಊಹಿಸಿ. 2025-26ರ ಋತುವಿನಲ್ಲಿ ಪೋರ್ಟರ್ ಬ್ರೂಕ್ಲಿನ್‌ನಲ್ಲಿ ತಮ್ಮ ವೃತ್ತಿಜೀವನದಲ್ಲೇ ಹೆಚ್ಚಿನ ಅಂಕಗಳನ್ನು ಗಳಿಸಿದ್ದಾರೆ. ಇದರಲ್ಲೊಂದು ತೊಡಕಿದೆ. ಅವರು ಚೆನ್ನಾಗಿ ಆಡಿದಷ್ಟೂ ಮುಂದೆ ಅವರನ್ನು ಕೊಟ್ಟಾಗ ಸಿಗುವ ಬೆಲೆ ಏರುತ್ತದೆ, ಅಷ್ಟೇ ತಂಡದ ಗೆಲುವುಗಳೂ ಏರಿ ಸ್ವಂತ ಆಯ್ಕೆ ಕೆಳಗಿಳಿಯುತ್ತದೆ. ಆ ಋತುವನ್ನು ಸತತ ಏಳು ಸೋಲುಗಳಿಂದ ಆರಂಭಿಸಿದ ತಂಡಕ್ಕೆ ಆ ಚಿಂತೆ ದೂರದ್ದೆಂದು ತೋರಬಹುದು. 2024ರ ನವೆಂಬರ್ ಕಂಡವರಿಗೆ ಹಾಗೆ ತೋರುವುದಿಲ್ಲ.

ಆಯ್ಕೆಗಳ ಗುಡ್ಡೆ ಹಾಕಿದ ತಂಡಗಳ ಮಾತು ಬಂದಾಗಲೆಲ್ಲ ಒಕ್ಲಹೋಮ ಸಿಟಿ ಥಂಡರ್ ಹೆಸರು ಬರುತ್ತದೆ. ಆ ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು. 2019ರ ಜುಲೈನಲ್ಲಿ ಥಂಡರ್ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ ಪಾಲ್ ಜಾರ್ಜ್ ಅವರನ್ನು ಎಲ್‌ಎ ಕ್ಲಿಪರ್ಸ್‌ಗೆ ಕೊಟ್ಟು ಐದು ಮೊದಲ ಸುತ್ತಿನ ಆಯ್ಕೆಗಳು, ಎರಡು ಅದಲುಬದಲು ಮತ್ತು ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಎಂಬ 20 ವರ್ಷದ ಹುಡುಗನನ್ನು ಪಡೆದರು. ಆರು ವರ್ಷದ ಬಳಿಕ 2025ರಲ್ಲಿ ಥಂಡರ್ 68 ಪಂದ್ಯ ಗೆದ್ದು, ಇಂಡಿಯಾನಾ ವಿರುದ್ಧ ಏಳನೆಯ ಪಂದ್ಯದಲ್ಲಿ ಪ್ರಶಸ್ತಿ ಎತ್ತಿತು. ಋತುವಿನ ಶ್ರೇಷ್ಠ ಆಟಗಾರನೂ ಶಾಯ್, ಫೈನಲ್‌ನ ಶ್ರೇಷ್ಠ ಆಟಗಾರನೂ ಶಾಯ್. ಕ್ಲಿಪರ್ಸ್‌ನಿಂದ ಬಂದ ಆಯ್ಕೆಗಳಲ್ಲಿ 2022ರದು ಜೇಲೆನ್ ವಿಲಿಯಮ್ಸ್ ಆಯಿತು. ಕ್ಲಿಪರ್ಸ್‌ನ ಮುಖ್ಯ ಆಟಗಾರ ಕವಾಯ್ ಲೆನರ್ಡ್ ಗಾಯಗೊಂಡು ಇಡೀ 2021-22 ಋತು ಆಡದೇ ಹೋದದ್ದರಿಂದ ಆ ಆಯ್ಕೆ 12ರ ತನಕ ಮೇಲೇರಿತ್ತು. ಇನ್ನೊಬ್ಬರ ಮೊಣಕಾಲು ಉಳುಕದಿದ್ದರೆ ವಿಲಿಯಮ್ಸ್ ಬೇರೆಡೆ ಆಡುತ್ತಿದ್ದರೇನೋ.

ಅಂದರೆ ಥಂಡರ್‌ಗೆ ಪ್ರಶಸ್ತಿ ತಂದದ್ದು ಆಯ್ಕೆಗಳ ಸಂಖ್ಯೆಯಲ್ಲ. ವಿನಿಮಯದ ದಿನವೇ ಕೈಗೆ ಬಂದ, ಬೆಳೆಯುವ ವಯಸ್ಸಿನ ಒಬ್ಬ ಆಟಗಾರ. ಬ್ರಿಡ್ಜಸ್ ವಿನಿಮಯದಲ್ಲಿ ಬ್ರೂಕ್ಲಿನ್‌ಗೆ ಅಂಥವರು ಯಾರೂ ಬರಲಿಲ್ಲ. ನಿಕ್ಸ್ ಬಳಿಯೂ ಆಗ ಕೊಡಲು ಉಳಿದಿರಲಿಲ್ಲ. ಅದರ ಎಳೆಯರಾದ ಇಮ್ಯಾನುಯೆಲ್ ಕ್ವಿಕ್ಲಿ, ಆರ್‌ಜೆ ಬ್ಯಾರೆಟ್ ಇಬ್ಬರೂ 2023ರ ಡಿಸೆಂಬರ್‌ನಲ್ಲೇ ಟೊರಾಂಟೊಗೆ ಹೋಗಿದ್ದರು. ಆ ಒಪ್ಪಂದದ ನಿಜವಾದ ಕೊರತೆ ಇದೇ. ಐದು ಆಯ್ಕೆಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಥಂಡರ್ ಕಥೆಯ ಇನ್ನೊಂದು ತುಣುಕು ನೆಟ್ಸ್‌ಗೆ ಹೆಚ್ಚು ಉಪಯುಕ್ತವೆಂದು ನನಗನಿಸುತ್ತದೆ. 2021ರಲ್ಲಿ ತನ್ನ ಸ್ವಂತ ಸೋಲಿನಿಂದ ದೊರೆತ ಆರನೆಯ ಸರದಿಯಲ್ಲಿ ಪ್ರೆಸ್ಟಿ ಜೋಶ್ ಗಿಡ್ಡಿ ಅವರನ್ನು ತಂದಿದ್ದರು. ಮೂರು ವರ್ಷ ಬೆಳೆಸಿದರು. ತಂಡ ಗೆಲ್ಲತೊಡಗಿದಾಗ ಗಿಡ್ಡಿ ಹೊಂದುವುದಿಲ್ಲವೆಂದು ಕಂಡಿತು. 2024ರ ಜೂನ್‌ನಲ್ಲಿ ಅವರನ್ನು ಶಿಕಾಗೊಗೆ ಕೊಟ್ಟು 30 ವರ್ಷದ ಅಲೆಕ್ಸ್ ಕರೂಸೊ ಅವರನ್ನು ನೇರ ವಿನಿಮಯದಲ್ಲಿ ಪಡೆದರು. ಮುಂದಿನ ಜೂನ್‌ನಲ್ಲಿ ಪ್ರಶಸ್ತಿ. ಎಳೆಯರನ್ನು ಕೊಟ್ಟು ಮುದುಕರನ್ನು ತರುವುದೇ 2013ರ ಬ್ರೂಕ್ಲಿನ್ ತಪ್ಪಾಗಿದ್ದರೆ ಇದೂ ತಪ್ಪಾಗಬೇಕಿತ್ತು. ಪ್ರೆಸ್ಟಿ ಮಾತ್ರ ಮನೆ ಕಟ್ಟಿಯಾದ ಮೇಲೆ ಬಾಗಿಲಿಗೆ ಚಿಲಕ ತಂದರು.

ಬ್ರೂಕ್ಲಿನ್‌ಗೆ ಆ ಕಾಲ ಇನ್ನೂ ದೂರ. ಹ್ಯೂಸ್ಟನ್‌ನಿಂದ ಬಿಡಿಸಿಕೊಂಡದ್ದು 2025 ಮತ್ತು 2026 ಮಾತ್ರ. ಹಾರ್ಡನ್ ಕಾಲದ ಸಾಲದ ಕೊನೆಯ ಕಂತು, 2027ರ ಅದಲುಬದಲಿನ ಹಕ್ಕು, ಹ್ಯೂಸ್ಟನ್‌ನಲ್ಲೇ ಇದೆ. ಅತ್ತ ಹ್ಯೂಸ್ಟನ್ ಅಲ್ಪರೆನ್ ಶೆಂಗುನ್, ಅಮೆನ್ ಥಾಂಪ್ಸನ್ ಅವರಂಥ ಎಳೆಯರ ಜೊತೆಗೆ 2025ರ ಬೇಸಿಗೆಯಲ್ಲಿ ಡ್ಯುರಾಂಟ್ ಅವರನ್ನೂ ತಂದುಕೊಂಡಿದೆ. ಅವರದು ಹಿಂದಿನ ಸರದಿಯಾಗುವ ಸಂಭವವೇ ಹೆಚ್ಚು. 2026-27ರಲ್ಲಿ ನೆಟ್ಸ್ ಇದೇ ರೀತಿ ಸೋತರೆ ಆ ಸೋಲಿನ ಫಲ ಮತ್ತೆ ಟೆಕ್ಸಸ್‌ಗೆ ಹೋಗುತ್ತದೆ, ಹುಡುಗರು ಆಗ ಎರಡನೆಯ ವರ್ಷದಲ್ಲಿರುತ್ತಾರೆ. ಆದ್ದರಿಂದ 2024ರ ಜೂನ್ 25ರ ಲೆಕ್ಕ ಮುಗಿಯುವುದು ನಿಕ್ಸ್‌ನ 2031ರ ಆಯ್ಕೆ ಬಂದಾಗಲ್ಲ. ಆ ರಾತ್ರಿ ಕೊಂಡ ಎರಡು ವರ್ಷಗಳಲ್ಲಿ ಒಂದು ಎಂಟನೆಯ ಸರದಿಯಾಗಿ ಮುಗಿದುಹೋಗಿದೆ. 2025-26ರ ಋತುವಿನ ಹೊತ್ತಿಗೆ ಉಳಿದದ್ದು 2026ರ ಒಂದೇ ಬೆಳೆ.